ಕೌದಿಗೆ ರೇಟ್ ಎಷ್ಟು? ಯಾದಗಿರಿ, ಶಹಾಪುರ, ಸುರಪುರ ಕಡೆ ಕೈಕೆಲಸ ಕೊಳ್ಳೋ ಮುಂಚೆ ಒಂದು ಲೆಕ್ಕ



ಹೋದ ಸಂಚಿಕೆ ಆದ್ಮೇಲೆ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಫ್ರೆಂಡ್ಸ್ ಸೇರಿ ಯಾದಗಿರಿ ಜಿಲ್ಲೆಗೆ ಹೊರಟಿದ್ದಾರಂತೆ. ಯಾದಗಿರಿ ಕೋಟೆ, ಬುದ್ಧ ಮಲಗಿದ ಹಾಗೆ ಕಾಣೋ ಶಹಾಪುರದ ಬೆಟ್ಟ, ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್, ಎಲ್ಲಾ ಲಿಸ್ಟ್‌ನಲ್ಲಿದೆ. ಕೊನೆಗೆ ಮೂರು ಪ್ರಶ್ನೆ ಕೇಳಿದ್ದಾರೆ. ಆ ಕಡೆಯ ಕೈಕೆಲಸದ ವಸ್ತು ಏನು ಸಿಗುತ್ತೆ? ರೇಟ್ ಎಷ್ಟಿರುತ್ತೆ? ಎಷ್ಟಕ್ಕೆ ಇಳಿಸಿ ಕೇಳಬೇಕು?

ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ಎರಡನೇದು ಸ್ವಲ್ಪ ಕಷ್ಟ. ಮೂರನೇದು ಇದೆಯಲ್ಲ, ಎಷ್ಟಕ್ಕೆ ಇಳಿಸಬೇಕು ಅನ್ನೋದು, ಇವತ್ತಿನ ಸಂಚಿಕೆ ಅದರ ಬಗ್ಗೆನೇ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಸ್ವಲ್ಪ ಲೆಕ್ಕ ಬರುತ್ತೆ, ಹೆದರ್ಕೋಬೇಡಿ. ಕೂಡೋದು, ಕಳೆಯೋದು, ಭಾಗಿಸೋದು ಅಷ್ಟೇ.

ಮೊದಲು ಒಂದು ಮಾತು. ಚನ್ನಪಟ್ಟಣಕ್ಕೆ ಹೋದ್ರೆ ರಸ್ತೆ ಪಕ್ಕದಲ್ಲೇ ಸಾಲಾಗಿ ಗೊಂಬೆ ಅಂಗಡಿ ಸಿಗುತ್ವೆ. ಬೀದರ್‌ಗೆ ಹೋದ್ರೆ ಬಿದ್ರಿ ಅಂಗಡಿ ಎಲ್ಲಿ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಸುರಪುರ, ಶಹಾಪುರದಲ್ಲಿ ಆ ತರಹದ ಬಜಾರ್ ಇರುತ್ತೆ ಅಂದ್ಕೊಂಡು ಹೋಗಬೇಡಿ. ಇಲ್ಲಿ ಕೈಕೆಲಸ ಅಂಗಡಿಗಿಂತ ಹೆಚ್ಚಾಗಿ ಮನೆಯಲ್ಲಿದೆ. ಕಟ್ಟೆ ಮೇಲೆ, ಪಡಸಾಲೆಯಲ್ಲಿ, ತಾಂಡಾದ ಬೇವಿನ ಮರದ ಕೆಳಗೆ ಇದೆ. ಅದಕ್ಕೇ ಇಲ್ಲಿ ಕೊಳ್ಳೋ ರೀತಿನೂ ಬೇರೆ.

ಸುರಪುರಕ್ಕೆ ಒಂದು ಕಾಲದಲ್ಲಿ ದೊಡ್ಡ ಗಿರಾಕಿ ಇದ್ದ. ಯಾರು ಅಂದ್ರೆ ಅಲ್ಲಿನ ಅರಸರು. ಸುರಪುರ ನಾಯಕರ ಆಶ್ರಯದಲ್ಲಿ 'ಸುರಪುರ ಚಿತ್ರಕಲೆ' ಅಂತಾನೇ ಹೆಸರಾದ ಒಂದು ಶೈಲಿ ಬೆಳೀತು. ಸಣ್ಣ ಅಳತೆಯ ಚಿತ್ರಗಳು, ಕೂದಲೆಳೆಯಂಥ ಗೆರೆ, ಚಿನ್ನದ ಬಳಕೆ. ಚಿನ್ನ ಹಾಕಿ ತಿಂಗಳುಗಟ್ಟಲೆ ಕೂತು ಚಿತ್ರ ಬರೀಬೇಕಂದ್ರೆ ಅಷ್ಟು ದಿನ ಊಟ ಹಾಕೋರು ಬೇಕು. ಅದನ್ನ ಆಸ್ಥಾನ ನೋಡ್ಕೊಳ್ತಿತ್ತು.

ಮುಂದೆ 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು. ಸೋಲಾಯ್ತು, ಅವರು ಸೆರೆಯಾದರು. ಸಂಸ್ಥಾನ ಬ್ರಿಟಿಷರ ಕೈಗೆ ಹೋಗಿ, 1860ರಲ್ಲಿ ಹೈದರಾಬಾದ್ ನಿಜಾಮರ ಪಾಲಾಯ್ತು. ಇದನ್ನ ನಾವು ಇತಿಹಾಸದ ಪಾಠದಲ್ಲಿ ಓದ್ತೀವಿ. ಕಲಾವಿದರ ಮನೆಯ ಕಡೆಯಿಂದ ನೋಡಿ: ಕೈ ಅದೇ, ಕುಂಚ ಅದೇ, ಕೊಳ್ಳೋನು ಮಾತ್ರ ಇಲ್ಲ. ನಂತರದ ಕಾಲದಲ್ಲಿ ಕಲಬುರಗಿಯ ವಿಜಯ ಹಾಗರಗುಂಡಗಿ ಅವರಂಥ ಕಲಾವಿದರು ಆ ಶೈಲಿಗೆ ಮತ್ತೆ ಜೀವ ಕೊಡೋ ಕೆಲಸ ಮಾಡಿದರು. ಆದ್ರೆ ಮಧ್ಯದಲ್ಲಿ ಎಷ್ಟೋ ತಲೆಮಾರು ಹೋಗಿಬಿಟ್ಟಿತ್ತು.

ಈ ಕಥೆ ಯಾಕೆ ಹೇಳ್ದೆ ಅಂದ್ರೆ, ಕಲೆ ಅಳಿದುಹೋಗ್ತಿದೆ ಅಂತ ನಾವು ಬೇಜಾರು ಮಾಡ್ಕೋತೀವಿ, ಸ್ಟೇಟಸ್ ಹಾಕ್ತೀವಿ. ಕೈಕೆಲಸ ಉಳಿಯೋದು ಕೊಳ್ಳೋರಿಂದ. ಈಗ ರಾಜರಿಲ್ಲ. ಫೋನ್ ಹಿಡ್ಕೊಂಡು ಬರೋ ನೀವು, ನಾವೇ ಗಿರಾಕಿ.

ಸರಿ, ಈಗ ಕೌದಿಗೆ ಬರೋಣ.

ಉತ್ತರ ಕರ್ನಾಟಕದೋರಿಗೆ ಕೌದಿ ಅಂದ್ರೆ ಹೇಳಬೇಕಿಲ್ಲ. ಬೇರೆ ಕಡೆಯೋರಿಗೆ ಹೇಳ್ತೀನಿ. ಹಳೇ ಕಾಟನ್ ಸೀರೆ, ಧೋತರ, ಅಂಗಿ, ಲಂಗ ಎಲ್ಲಾ ಒಗೆದು, ಒಣಗಿಸಿ, ತುಂಡು ಮಾಡಿ, ಪದರದ ಮೇಲೆ ಪದರ ಹಾಕಿ, ಕೈಹೊಲಿಗೆಯಲ್ಲಿ ಸಾಲು ಸಾಲಾಗಿ ಹೊಲಿದ ಹೊದಿಕೆ. ಒಳಗೆ ಹತ್ತಿ ಇಲ್ಲ, ಸ್ಪಂಜ್ ಇಲ್ಲ. ಬಟ್ಟೆ ಮೇಲೆ ಬಟ್ಟೆ, ಅಷ್ಟೇ. ಸಾಮಾನ್ಯವಾಗಿ ಬೇಸಿಗೆಯಲ್ಲಿ ಹೊಲೀತಾರೆ, ಯಾಕಂದ್ರೆ ಆಗ ಹೊಲದ ಕೆಲಸ ಕಡಿಮೆ. ಕೆಲವು ಮನೆಗಳಲ್ಲಿ ಕೊನೇ ಮೂಲೆ ಮುಚ್ಚೋ ಮುಂಚೆ ಒಳಗೆ ಹೋಳಿಗೆ ಚೂರೋ, ರೊಟ್ಟಿ ಚೂರೋ ಇಡ್ತಾರೆ. ಕೌದಿ ಹಸಿದಿರಬಾರದು ಅಂತ.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೌದಿ ಹೊಲಿಯೋ ಒಬ್ಬ ಅಜ್ಜಿ ಜೊತೆ ಮಾತಾಡ್ತಿದ್ದೆ. ಅರವತ್ತು ದಾಟಿದೆ. ಸೂಜಿಗೆ ದಾರ ಪೋಣಿಸೋಕೆ ಮಾತ್ರ ಮೊಮ್ಮಗಳನ್ನ ಕರೀತಾರೆ, ಉಳಿದಿದ್ದೆಲ್ಲಾ ತಾವೇ.

"ಯಮ್ಮಾ, ಇಂಥಾದ್ದೊಂದು ಕೌದಿಗೆ ಎಷ್ಟು ಕೊಡ್ಬೇಕ್ರಿ?" ಅಂತ ಕೇಳ್ದೆ.

"ಕೌದಿಗಿ ರೇಟ್ ಎಲ್ಲಿಂದು ತಮ್ಮಾ? ನಾವೇನು ಮಾರ್ಲಾಕ ಹೊಲೀತೀವೇನು? ಮಗಳ ಬಾಣಂತನಕ ಹೊಲೀತೀವಿ. ಮಂದಿ ಅರಿಬಿ ತಂದು ಕೊಟ್ರ ಹೊಲ್ದು ಕೊಡ್ತೀವಿ. ಅವ್ರು ಎಷ್ಟ್ ಕೊಡ್ತಾರ ಅಷ್ಟು."

"ಒಂದು ಹೊಲಿಲಾಕ ಎಷ್ಟು ದಿನ ಹಿಡೀತದ?"

"ದಿನಾ ಕುಂತ್ರ ಎಂಟ್ಹತ್ತು ದಿನ. ಖರೇ, ದಿನಾ ಕೂಡ್ಲಾಕ ಯಾರ್ ಬಿಡ್ತಾರ?"

ಅಜ್ಜಿಯ ಈ ಮಾತಿನಲ್ಲಿ ಒಂದು ಮುಖ್ಯ ವಿಷಯ ಇದೆ. ಕೌದಿಗೆ ಮಾರುಕಟ್ಟೆ ದರ ಅಂತ ಬೆಳೆದೇ ಇಲ್ಲ. ಅದು ಮನೆಗೆ ಅಂತ, ಇಲ್ಲಾ ಕೂಲಿಗೆ ಅಂತ ಮಾಡ್ತಿದ್ದ ಕೆಲಸ. ಬಟ್ಟೆ ನಿಮ್ಮದು, ಹೊಲಿಗೆ ಅವರದು. ದರವೇ ಇಲ್ಲದ ವಸ್ತುವಿಗೆ ಹೋಗಿ ನಾವು "ಕಡಿಮೆ ಮಾಡ್ರಿ" ಅಂದ್ರೆ, ಯಾವುದರಿಂದ ಕಡಿಮೆ?

ಈಗ ಲೆಕ್ಕ. ಇವು ಉದಾಹರಣೆಗೆ ಇಟ್ಕೊಂಡ ಸಂಖ್ಯೆಗಳು, ಊರಿಂದ ಊರಿಗೆ ಬದಲಾಗುತ್ತೆ.

ಒಂದು ಡಬಲ್ ಕೌದಿಗೆ 2,000 ರೂಪಾಯಿ ಹೇಳಿದ್ರು ಅಂತ ಇಟ್ಕೊಳ್ಳಿ. ಬಟ್ಟೆ, ದಾರ ಅವರದೇ. ಅದಕ್ಕೆ 600 ಖರ್ಚು. ಉಳಿದದ್ದು 1,400. ಅದೇ ಕೂಲಿ. ಹತ್ತು ದಿನದ ಕೆಲಸ ಅಂದ್ರೆ ದಿನಕ್ಕೆ 140 ರೂಪಾಯಿ.

ನಾವು ಚೌಕಾಶಿ ಮಾಡಿ 1,600ಕ್ಕೆ ಮುಗಿಸಿದ್ವಿ. ನಾನೂರು ಉಳೀತು, ಶೇ 20ರಷ್ಟು ಡಿಸ್ಕೌಂಟ್ ಅಂತ ಖುಷಿ. ಆದ್ರೆ ಆ 400 ಎಲ್ಲಿಂದ ಬಂತು? ಬಟ್ಟೆ ಅಂಗಡಿಯೋನು ತಗೊಂಡ 600 ವಾಪಸ್ ಕೊಡಲ್ಲ. ದಾರದ ರೇಟ್ ಇಳಿಯಲ್ಲ. ಪೂರ್ತಿ 400 ಕೂಲಿಯಿಂದಲೇ ಹೋಗುತ್ತೆ. 1,400 ಇದ್ದ ಕೂಲಿ 1,000 ಆಯ್ತು. ದಿನಕ್ಕೆ 140 ಇದ್ದದ್ದು 100 ಆಯ್ತು. ನಮಗೆ ಸಿಕ್ಕಿದ್ದು ಶೇ 20 ರಿಯಾಯಿತಿ, ಅವರ ಕೂಲಿ ಕಡಿತ ಆಗಿದ್ದು ಶೇ 29ರ ಹತ್ತಿರ.

ಇದನ್ನ ಯಾವುದಕ್ಕೆ ಹೋಲಿಸೋಣ? 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಅದು ವಿಶೇಷ ಕೌಶಲ ಬೇಡದ ಕೆಲಸಕ್ಕೆ ಸರ್ಕಾರ ಇಟ್ಟ ದರ. ಅದೇ ಲೆಕ್ಕ ಹಾಕಿದ್ರೆ ಹತ್ತು ದಿನಕ್ಕೆ 3,700, ಬಟ್ಟೆ ದಾರ 600 ಸೇರಿ 4,300. ಅಂದ್ರೆ ನಾವು "ಜಾಸ್ತಿ ಆಯ್ತು" ಅಂತ ಮುಖ ಸಿಂಡರಿಸಿದ 2,000 ರೂಪಾಯಿ, ಕಾಲುವೆ ಹೂಳೆತ್ತೋ ಕೂಲಿಯ ಅರ್ಧಕ್ಕಿಂತ ಕಡಿಮೆ ಕೂಲಿಗೆ ಹೊಲಿದದ್ದು.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. "ಅವರೇನು ದಿನಪೂರ್ತಿ ಕೂರಲ್ಲವಲ್ಲ, ಮನೆ ಕೆಲಸದ ನಡುವೆ ಬಿಡುವಿದ್ದಾಗ ಹೊಲೀತಾರೆ." ಹೌದು. ದಿನಕ್ಕೆ ಎಂಟು ಗಂಟೆಯಂತೆ ಹತ್ತು ದಿನ ಅಂದ್ರೆ 80 ಗಂಟೆ. ಅದನ್ನ ಒಂದೂವರೆ ತಿಂಗಳಲ್ಲಿ ಹಂಚಿಕೊಂಡು ಹೊಲಿದ್ರೂ 80 ಗಂಟೆ 80 ಗಂಟೆನೇ. ನೀವು ಆಫೀಸ್ ಮುಗಿಸಿ ರಾತ್ರಿ ಮಾಡೋ ಫ್ರೀಲಾನ್ಸ್ ಕೆಲಸಕ್ಕೆ ಯಾರಾದ್ರೂ "ಬಿಡುವಿನಲ್ಲಿ ತಾನೇ ಮಾಡಿದ್ದು" ಅಂತ ದುಡ್ಡು ಕಡಿಮೆ ಕೊಟ್ರೆ ಒಪ್ತೀರಾ?

ಇನ್ನೊಂದು ಪ್ರಶ್ನೆ, ಇದು ನ್ಯಾಯವಾದ ಪ್ರಶ್ನೆ. "ಅಣ್ಣಾ, ನನ್ನ ಸಂಬಳವೇ ಹದಿನೆಂಟು ಸಾವಿರ. ನಾಲ್ಕು ಸಾವಿರ ಕೊಟ್ಟು ಹೊದಿಕೆ ಎಲ್ಲಿಂದ ತಗೊಳ್ಳಲಿ?" ತಗೋಬೇಡಿ. ಕೈಯಲ್ಲಿ ದುಡ್ಡಿಲ್ಲದಿದ್ರೆ ದರ ಇಳಿಸೋ ಬದಲು ಅಳತೆ ಇಳಿಸಿ. ಮಗುಗೆ ಹೊದಿಸೋ ಸಣ್ಣ ಕೌದಿ ಇದೆ, ಅದಕ್ಕೆ ಬಟ್ಟೆನೂ ಕಡಿಮೆ, ದಿನಾನೂ ಕಡಿಮೆ. ದಿಂಬಿನ ಕವರ್ ಹೊಲಿಸಿ. ಇಲ್ಲಾ, ಹಳೇ ಪದ್ಧತಿನೇ ಹಿಡೀರಿ: ನಿಮ್ಮ ಅಮ್ಮನ, ಅಜ್ಜಿಯ ಹಳೇ ಕಾಟನ್ ಸೀರೆ ತಗೊಂಡ್ಹೋಗಿ ಕೊಡಿ. ಬಟ್ಟೆ ಖರ್ಚು ಉಳೀತು, ಕೂಲಿ ಮಾತ್ರ ಕೊಟ್ರೆ ಆಯ್ತು. ನಿಮ್ಮನೆ ಸೀರೆಯದೇ ಕೌದಿ ಯಾವ ಅಂಗಡಿಯಲ್ಲೂ ಸಿಗಲ್ಲ.

ಆದ್ರೆ ಇದಕ್ಕೆ ಕಾಯಬೇಕು. ಶನಿವಾರ ಹೋಗಿ ಭಾನುವಾರ ತರೋಕಾಗಲ್ಲ. ಅರ್ಧ ದುಡ್ಡು ಮುಂಗಡ ಕೊಟ್ಟು, ಯಾವಾಗ ಆಗುತ್ತೆ ಅಂತ ಅವರನ್ನೇ ಕೇಳಿ ಬರಬೇಕು. ಚಳಿಗಾಲದಲ್ಲಿ ಆ ಕಡೆ ಹತ್ತಿ ಬಿಡಿಸೋ ಕೆಲಸ ಜೋರು, ಹೆಣ್ಮಕ್ಕಳು ಹೊಲದಲ್ಲಿರ್ತಾರೆ. ಆಗ ಅವಸರ ಮಾಡಬೇಡಿ.

ಎರಡನೇದು ಕಂಬಳಿ. ಕುರಿ ಸಾಕೋ ಹಾಲುಮತದವರ ಮನೆಯ ವಸ್ತು. ದಖ್ಖನಿ ಕುರಿಯ ಕಪ್ಪು ಉಣ್ಣೆ ಕತ್ತರಿಸಿ, ಬಿಡಿಸಿ, ಹೆಣ್ಮಕ್ಕಳು ಕೈಯಲ್ಲಿ ನೂಲು ತೆಗೀತಾರೆ. ಆ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡ್ತಾರೆ. ಆಮೇಲೆ ಕುಣಿ ಮಗ್ಗದಲ್ಲಿ ನೇಯೋದು. ಮಳೆ ಬಂದ್ರೆ ಕುರಿಗಾಹಿ ಅದನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕ್ಕೋತಾನೆ, ರಾತ್ರಿ ಅದೇ ಹಾಸಿಗೆ.

ಇದಕ್ಕೆ ಎದುರಾಳಿ ಎರಡು ಕಡೆಯಿಂದ. ಒಂದು, ಹರಿಯಾಣದ ಪಾಣಿಪತ್‌ನಿಂದ ಬರೋ ಅಗ್ಗದ ಬ್ಲಾಂಕೆಟ್. ಹಳೇ ಬಟ್ಟೆಯಿಂದ ಮತ್ತೆ ನೂಲು ತೆಗೆದು ಮಿಲ್ಲಲ್ಲಿ ಮಾಡೋದು ಅಲ್ಲಿನ ದೊಡ್ಡ ಉದ್ಯಮ. ಇನ್ನೊಂದು ಎದುರಾಳಿ ಕುರಿಯಲ್ಲೇ ಇದೆ. ಈಗ ಕುರಿ ಸಾಕಣೆಯ ಆದಾಯ ಮಾಂಸದಿಂದ. ಬೇಗ ತೂಕ ಬರೋ ತಳಿ ಇದ್ರೆ ಸಾಕು, ಉಣ್ಣೆ ಬಗ್ಗೆ ಯಾರು ತಲೆ ಕೆಡಿಸ್ಕೋತಾರೆ? ಉಣ್ಣೆಗೆ ಬೆಲೆ ಇಲ್ಲದಿದ್ರೆ ಅದನ್ನ ಕತ್ತರಿಸೋ ಕೂಲಿನೂ ಹುಟ್ಟಲ್ಲ.

ಕಂಬಳಿ ಅಸಲಿನಾ ಅಂತ ನೋಡೋಕೆ ಸುಲಭದ ದಾರಿ ಇದೆ. ಅಂಚಿನಿಂದ ಒಂದೇ ಎಳೆ ಕೇಳಿ ಇಸ್ಕೊಂಡು ಬೆಂಕಿ ತಾಗಿಸಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪ್ಲಾಸ್ಟಿಕ್ ನೂಲಾದ್ರೆ ಕರಗಿ ಗಟ್ಟಿ ಮಣಿಯಾಗುತ್ತೆ. ಇನ್ನು ಕೈನೂಲು ಒಂದೇ ದಪ್ಪ ಇರಲ್ಲ, ಎಲ್ಲೋ ಸಣ್ಣ, ಎಲ್ಲೋ ದಪ್ಪ. ಹೊಸ ಕಂಬಳಿ ಚುಚ್ಚುತ್ತೆ, ಬಿರುಸಾಗಿರುತ್ತೆ. ಅದನ್ನ ದೋಷ ಅಂತ ತೋರಿಸಿ ರೇಟ್ ಇಳಿಸೋಕೆ ಹೋಗಬೇಡಿ. ಗಂಜಿ ಹಾಕಿದ ಕಂಬಳಿ ಹಾಗೇ ಇರೋದು.

ಮೂರನೇದು ಲಂಬಾಣಿ ಕಸೂತಿ. ಯಾದಗಿರಿ ಜಿಲ್ಲೆಯಲ್ಲಿ ತಾಂಡಾಗಳು ಬಹಳ. ಕನ್ನಡಿ, ಕವಡೆ, ನಾಣ್ಯ, ಬಣ್ಣದ ದಾರ ಹಾಕಿದ ಫೇಟಿಯಾ, ಕಾಂಚಳಿ ನೀವು ಫೋಟೋದಲ್ಲಾದ್ರೂ ನೋಡಿರ್ತೀರಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಮಕ್ಕಳು ಮಾಡಿದ 1,755 ವಸ್ತುಗಳನ್ನ ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯ್ತು.

ಈ ಕಸೂತಿಗೆ ಜಿಐ ಟ್ಯಾಗ್ ಇದೆ, ಆದ್ರೆ ಸಂಡೂರಿನ ಹೆಸರಲ್ಲಿ. ಜಿಐ ಅನ್ನೋದು ಜಾಗಕ್ಕೆ ಅಂಟಿಕೊಂಡಿರೋ ಗುರುತು. ಸಂಡೂರಿನಲ್ಲಿ ವರ್ಷಗಟ್ಟಲೆ ಒಂದು ಸಂಸ್ಥೆ ಕಟ್ಟಿ, ತರಬೇತಿ ಕೊಟ್ಟು, ಮಾರುಕಟ್ಟೆ ಮಾಡಿದರು. ಆ ಹೆಸರು ಅವರು ದುಡಿದು ಗಳಿಸಿದ್ದು. ಸುರಪುರದ ತಾಂಡಾದಲ್ಲಿ ಅದೇ ಸೂಜಿ, ಅದೇ ಕೈ, ಅಂಥದ್ದೇ ಹೊಲಿಗೆ ಇದ್ರೂ ಆ ಹೆಸರು ಹಾಕಿ ಮಾರೋ ಹಾಗಿಲ್ಲ. ಹಾಗಾಗಿ ಇಲ್ಲಿ ಟ್ಯಾಗ್ ಹುಡುಕಬೇಡಿ, ಕೆಲಸ ನೋಡಿ. ಬಟ್ಟೆ ತಿರುಗಿಸಿ ಹಿಂಭಾಗ ನೋಡಿ. ಕೈಕಸೂತಿಗೆ ಗಂಟು ಇರುತ್ತೆ, ದಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯ್ದಿರುತ್ತೆ. ಕನ್ನಡಿಯನ್ನ ಸುತ್ತಲೂ ದಾರದಿಂದ ಹಿಡಿದು ಹೊಲಿದಿರ್ತಾರೆ. ಗಮ್ ಹಾಕಿ ಅಂಟಿಸಿದ್ರೆ ಅದು ಬೇರೆ ಮಾಲು.

ಇಲ್ಲಿ ಒಂದು ಎಚ್ಚರಿಕೆ. "ವಿಂಟೇಜ್ ಬಂಜಾರಾ ಬ್ಯಾಗ್" ಅಂತ ನಗರದಲ್ಲಿ ಮಾರೋದು ಎಷ್ಟೋ ಸಲ ಯಾರದೋ ಅಜ್ಜಿಯ ಕಾಂಚಳಿ ಕತ್ತರಿಸಿ ಮಾಡಿದ್ದಾಗಿರುತ್ತೆ. ಅದನ್ನ ಕೊಂಡ್ರೆ ಹೊಸದಾಗಿ ಹೊಲಿಯೋರಿಗೆ ಕೆಲಸ ಹುಟ್ಟಲ್ಲ. ಇದ್ದದ್ದೂ ಖಾಲಿ ಆಗುತ್ತೆ. ಹೊಸದಾಗಿ ಹೊಲಿಸಿ.

ಹಾಗಾದ್ರೆ ಚೌಕಾಶಿನೇ ಮಾಡಬಾರದಾ? ಮಾಡಿ. ಆದ್ರೆ ಯಾರ ಜೊತೆ ಅನ್ನೋದು ನೋಡಿ. ಮಾರಾಟಗಾರ ಬೇರೆ, ಮಾಡಿದೋರು ಬೇರೆ. ಜಾತ್ರೆಯ ಅಂಗಡಿಯವನು, ಎಕ್ಸಿಬಿಷನ್ ಸ್ಟಾಲ್‌ನವನು ಮಾತಿಗೆ ಅಂತಾನೇ ಸ್ವಲ್ಪ ಹೆಚ್ಚು ಹೇಳಿರ್ತಾನೆ. ಅವನ ಲಾಭದಲ್ಲಿ ಕೇಳೋಕೆ ನಿಮಗೆ ಜಾಗ ಇದೆ. ಮಾಡಿದೋರ ಮನೆ ಕಟ್ಟೆ ಮೇಲೆ ಕೂತಾಗ ಆ ಜಾಗ ಇಲ್ಲ. ಅಲ್ಲಿ ಇರೋದು ಬಟ್ಟೆ ಮತ್ತು ಕೂಲಿ ಮಾತ್ರ.

ಮಧ್ಯವರ್ತಿ ಅಂದ ಕೂಡಲೇ ಕಳ್ಳ ಅನ್ನೋದೂ ಬೇಡ. ಹಳ್ಳಿಯಲ್ಲಿ 2,000ಕ್ಕೆ ಕೊಂಡ ಕೌದಿ ಬೆಂಗಳೂರಲ್ಲಿ 5,000 ಅಂದ್ರೆ, ಅದರಲ್ಲಿ ಸಾಗಾಣಿಕೆ, ಅಂಗಡಿ ಬಾಡಿಗೆ, ಮಾರಾಟ ಆಗದೇ ಉಳಿದ ಮಾಲು, ವಾಪಸ್ ಬಂದ ಮಾಲು ಎಲ್ಲಾ ಸೇರಿರುತ್ತೆ. ನೀವು ಕೇಳಬೇಕಾದ್ದು ಒಂದೇ: "ಇದನ್ನ ಹೊಲಿದೋರಿಗೆ ಎಷ್ಟು ಹೋಯ್ತು?" ಪ್ರಾಮಾಣಿಕವಾಗಿ ವ್ಯಾಪಾರ ಮಾಡೋರು ಉತ್ತರ ಕೊಡ್ತಾರೆ. ಮಾತು ತಿರುಗಿಸಿದ್ರೆ ನೀವೂ ಮುಂದಿನ ಅಂಗಡಿ ನೋಡಿ.

ದುಡ್ಡು ಕೊಡುವಾಗ ಇನ್ನೊಂದು ವಿಷಯ. ನಾವೆಲ್ಲ ಸ್ಕ್ಯಾನ್ ಮಾಡಿ ಕೊಟ್ಟು ಅಭ್ಯಾಸ. ಆ ಅಜ್ಜಿ ಮನೆಯಲ್ಲಿ ಫೋನ್ ಇತ್ತು, ಕ್ಯೂಆರ್ ಕೂಡ ಇತ್ತು. ಖಾತೆ ಮಾತ್ರ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರೋ ಮಗಂದು. ನಾವು ಟಿಂಗ್ ಅಂತ ಕಳಿಸಿದ ದುಡ್ಡು ಐನೂರು ಕಿಲೋಮೀಟರ್ ದೂರದಲ್ಲಿ ಇನ್ಯಾರದೋ ಫೋನ್‌ನಲ್ಲಿ ಸದ್ದು ಮಾಡುತ್ತೆ. ಮಗ ಒಳ್ಳೆಯವನೇ ಇರಬಹುದು. ಆದ್ರೂ ಹೊಲಿದ ಕೈಗೆ ದುಡ್ಡು ತಲುಪಲಿ. "ಕೈಯಾಗ ಕೊಡ್ಲೇನ್ರಿ, ಫೋನ್‌ಗೆ ಹಾಕ್ಲೇನ್ರಿ?" ಅಂತ ಅವರನ್ನೇ ಕೇಳಿ. ಹೋಗುವಾಗ ಸ್ವಲ್ಪ ನಗದು ಇಟ್ಕೊಂಡಿರಿ.

ಫೋಟೋ ತೆಗೆಯೋ ಮುಂಚೆ ಕೇಳಿ. ರೀಲ್ಸ್ ಹಾಕಿದ್ರೆ, ಅವರು ಒಪ್ಪಿದ್ರೆ, ಊರ ಹೆಸರು ಹಾಕಿ. "ಲೋಕಲ್ ಆರ್ಟಿಸನ್" ಅಂತ ಹಾಕಿದ್ರೆ ಮುಂದಿನ ಗಿರಾಕಿ ಅವರ ಮನೆ ಹುಡುಕೋದು ಹೇಗೆ?

ಇನ್ನು ಸರ್ಕಾರದ ಯೋಜನೆ ಬಗ್ಗೆ ಕೇಳ್ತೀರಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿ ಇದೆ. ಕಮ್ಮಾರ, ಕುಂಬಾರ, ಬುಟ್ಟಿ ಹೆಣೆಯೋರು, ದರ್ಜಿ ಎಲ್ಲಾ ಇದ್ದಾರೆ. ಕೌದಿ ಹೊಲಿಯೋದು ಅಂತ ಬೇರೆ ಹೆಸರಿಲ್ಲ. ಯಾಕಂದ್ರೆ ಅದನ್ನ ಕಸುಬು ಅಂತ ಎಣಿಸಿದವರೇ ಕಡಿಮೆ, ಮನೆಗೆಲಸದ ಲೆಕ್ಕಕ್ಕೆ ಹಾಕಿಬಿಟ್ಟಿದ್ದೀವಿ. ಅಜ್ಜಿನೂ ಹಾಗೇ ಅಂದ್ಕೊಂಡಿದ್ದಾರೆ. "ರೇಟ್ ಎಲ್ಲಿಂದು" ಅಂತ ಅವರು ನಕ್ಕಿದ್ದು ಅದಕ್ಕೇ.

ನಾವು ನಾಲ್ಕು ಕೌದಿ ಕೊಂಡ ತಕ್ಷಣ ಯಾದಗಿರಿ ಬದಲಾಗುತ್ತೆ ಅಂತ ನಾನು ಹೇಳಲ್ಲ. ಗುಳೆ ನಿಲ್ಲಲ್ಲ. ಬೆಂಗಳೂರು, ಪುಣೆ, ಮುಂಬೈ ಬಸ್ಸು ತುಂಬಿಕೊಂಡೇ ಹೋಗ್ತವೆ. ಆ ಅಜ್ಜಿಯ ಸೊಸೆ ಕೌದಿ ಕಲಿತಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಹತ್ತಿ ಬಿಡಿಸಿದ್ರ ಸಂಜಿಗಿ ರೊಕ್ಕ ಬರ್ತದ್ರಿ, ಇದ್ರಾಗೇನ್ ಬರ್ತದ?" ಅಂದ್ರು. ಅವರದು ಸರಿಯಾದ ಲೆಕ್ಕ. ಬಿ.ಕಾಂ. ಓದಿದೋರು ಹಾಕಿದ್ರೂ ಅದೇ ಉತ್ತರ ಬರುತ್ತೆ. ಆಕೆ ಸೂಜಿ ಹಿಡೀಬೇಕಂದ್ರೆ ಕೌದಿಯ ದಿನಗೂಲಿ ಹತ್ತಿ ಹೊಲದ ಕೂಲಿಗೆ ಸಮ ಬರಬೇಕು. "ಸಂಸ್ಕೃತಿ ಉಳಿಸಿ" ಅಂತ ಭಾಷಣ ಮಾಡಿದ್ರೆ ಬರಲ್ಲ.

ಹಾಗಾಗಿ ಮೆಸೇಜ್ ಕಳಿಸಿದ ಗೆಳೆಯರಿಗೆ ನನ್ನ ಉತ್ತರ. ಏನು ಸಿಗುತ್ತೆ? ಕೌದಿ, ಕಂಬಳಿ, ಲಂಬಾಣಿ ಕಸೂತಿ. ಅದೃಷ್ಟ ಇದ್ರೆ ಸುರಪುರ ಶೈಲಿಯ ಚಿತ್ರ ಬರೆಯೋರ ಪರಿಚಯ ಆಗಬಹುದು. ರೇಟ್ ಎಷ್ಟು? "ಎಷ್ಟು ದಿನ ಹಿಡೀತು, ಸಾಮಾನಿಗೆ ಎಷ್ಟಾಯ್ತು" ಅಂತ ಮೊದಲು ಕೇಳಿ, ದಿನಕ್ಕೆ 370ರಂತೆ ನೀವೇ ಕೂಡಿಸಿ. ಎಷ್ಟಕ್ಕೆ ಇಳಿಸಬೇಕು? ಆ ಲೆಕ್ಕ ಹಾಕಿದ ಮೇಲೂ ಇಳಿಸಬೇಕು ಅನ್ನಿಸಿದ್ರೆ ನನಗೆ ವಾಯ್ಸ್ ಮೆಸೇಜ್ ಕಳಿಸಿ, ಮಾತಾಡೋಣ.

ನಿಮ್ಮನೆಯಲ್ಲಿ ಹಳೇ ಕೌದಿ ಇದ್ರೆ ಇವತ್ತು ಒಂದು ಸಲ ಬಿಡಿಸಿ ನೋಡಿ. ಎಷ್ಟು ಸಾಲು ಹೊಲಿಗೆ ಇದೆ ಎಣಿಸಿ, ಯಾರು ಹೊಲಿದದ್ದು ಅಂತ ಮನೆಯೋರನ್ನ ಕೇಳಿ. ಸಿಕ್ಕ ಉತ್ತರ ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಅಲ್ಲಿವರೆಗೂ ನಮಸ್ಕಾರ. ಬರ್ತೀನ್ರಿ.